ಬಾಟಲಿಯಲ್ಲಿ ತಿಳಿಯಾದ ನೀರು

ಊರಿನ ಉದ್ಯಾನದಲ್ಲಿ ಒಂದು ಪುಟ್ಟ ಕೆರೆ, ಅದಕ್ಕೆ ಅಡ್ಡಲಾಗಿ ಮಣ್ಣಿನ ಹಳೇ ಏರಿ. ಕೆರೆಯಲ್ಲಿ ದೋಣಿ ನಡೆಸುವುದು ಗಂಡನ ಕೆಲಸ, ಏರಿ ನೋಡಿಕೊಳ್ಳುವುದು ಹೆಂಡತಿಯ ಕೆಲಸ. ನೀರು ತುಂಬಿದ್ದರೆ ಅವನಿಗೆ ಖುಷಿ, ಇಳಿದಿದ್ದರೆ ಇವಳಿಗೆ ನಿದ್ದೆ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದರೂ ಈ ಒಂದು ವಿಷಯದಲ್ಲಿ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಅವಳನ್ನು ಎಲ್ಲರೂ ಏರಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎದ್ದವಳೇ ಏರಿಯ ಉದ್ದಕ್ಕೂ ನಡೆದು, ಹೆಗ್ಗಣದ ಬಿಲ ಮುಚ್ಚಿ, ಗಿಡ ಕಿತ್ತು ಬರುತ್ತಿದ್ದಳು. ಬೇರು ಇಳಿದರೆ ಏರಿಗೆ ಕೇಡು. ಆದರೆ ಹಸಿರು ಹೆಚ್ಚಿಸಬೇಕೆಂಬ ಉದ್ಯಾನದ ಕಚೇರಿಯ ಆದೇಶದಂತೆ ತೋಟಗಾರ ಪ್ರತಿ ಸೋಮವಾರ ಅಲ್ಲೇ ಸಸಿ ನೆಡುತ್ತಿದ್ದ. ಅದೇ ಕಚೇರಿಯ ಇನ್ನೊಂದು ಆದೇಶದಂತೆ ಮಂಗಳವಾರ ಇವಳು ಅವನ್ನು ಕೀಳುತ್ತಿದ್ದಳು. ಪುಣ್ಯಾತ್ಮ, ಕೀಳಲು ಸುಲಭವಾಗಲೆಂದು ಸಸಿಗಳನ್ನು ಸಡಿಲವಾಗಿ ನೆಡುತ್ತಿದ್ದ.

ಆಮೇಲೆ ಏರಿಯ ಬುಡಕ್ಕೆ ಇಳಿಯುವಳು. ಅಲ್ಲಿ ಒಂದು ಕಡೆ ನೀರು ಸದಾ ಜಿನುಗುತ್ತಿತ್ತು. ಅದರಡಿ ಚೊಂಬಿಟ್ಟು, ತುಂಬಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುವಳು. ಮಣ್ಣಿನ ಏರಿ ಚೂರು ಒಸರಿದರೆ ಭಯವಿಲ್ಲ, ಒಸರು ತಿಳಿಯಾಗಿರಬೇಕು ಅಷ್ಟೇ. ಕೆಂಪಾಯಿತೆಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ.

ಒಂದು ಬುಧವಾರ ಚೊಂಬಿಗೆ ಕೆಂಪು ಬಗ್ಗಡ ಬಿತ್ತು. ಕಚೇರಿಯ ಎಂಜಿನಿಯರಿಗೆ ಫೋನು ಮಾಡಿದರೆ, ಮಾದರಿ ನೋಡದೆ ಏನೂ ಹೇಳಲಾಗದು ಎಂದರು. ಬಾಟಲಿಯಲ್ಲಿ ಬಗ್ಗಡ ತುಂಬಿಸಿ ಕಚೇರಿಗೆ ಕೊಟ್ಟು ಬಂದಳು. ಅದು ಮೂರು ಮೇಜು ದಾಟಿ ಸಂಜೆ ಅವರ ಕೈ ಸೇರುವಷ್ಟರಲ್ಲಿ ಮಣ್ಣೆಲ್ಲ ತಳಕ್ಕೆ ಕೂತಿತ್ತು. ಉತ್ತರ ಬಂತು: ನೀರು ತಿಳಿಯಾಗಿದೆ, ಏರಿಯಲ್ಲಿ ತೂತಿಲ್ಲ. ಮುಂದಿನ ಸಲ ಬಾಟಲಿ ತೊಳೆದು ತುಂಬಿಸುವುದು.

ತೂಬು ತೆಗೆದು ಕೆರೆಯ ನೀರು ಇಳಿಸುತ್ತೇನೆಂದು ಅವಳು ಗಂಡನಿಗೆ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೂತ.

"ಬರೋ ಬುಧವಾರ ಹೊಸ ದೋಣಿ ಇಳಿಸೋಕೆ ಎಂಜಿನಿಯರ್ ಸಾಹೇಬ್ರೇ ಬರ್ತಿದ್ದಾರೆ. ಈಗ ನೀರು ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಏರಿ ಜೊತೆ ಅದೂ ಕೊಚ್ಕೊಂಡು ಹೋಗ್ಬಾರ್ದು ಅಂತಾನೇ ಬಿಡ್ತಿರೋದು."

ಅಂದಿನಿಂದ ಅವನು ಮಾತು ಬಿಟ್ಟ. ಒಮ್ಮೆಲೇ ನೀರು ಇಳಿಸಿದರೆ ಏರಿಯ ನೆನೆದ ಒಳಮೈ ಕುಸಿದೀತೆಂದು ಅವಳು ದಿನಕ್ಕಿಷ್ಟೇ ಎಂದು ಬಿಟ್ಟಳು. ದಿನಕ್ಕಿಷ್ಟು ಕೆಳಗೆ ಹೋದ ದೋಣಿಗಳಿಗೆ ಅವನು ದಡದಲ್ಲಿ ದಿನಕ್ಕೊಂದು ಮೆಟ್ಟಿಲು ಕಡಿಯುತ್ತ ಹೋದ. ಒಸರಿನ ಕೆಂಪು ತಗ್ಗಿತು, ಮೆಟ್ಟಿಲು ಏಳಾಯಿತು.

ಬುಧವಾರ ಎಂಜಿನಿಯರು ಏಳೂ ಮೆಟ್ಟಿಲು ಇಳಿದು, ಬಾತುಕೋಳಿ ಆಕಾರದ ಹೊಸ ದೋಣಿ ಹತ್ತಿ, ನಗುತ್ತ ಪೆಡಲು ತುಳಿದರು. ನಡುಕೆರೆಯಲ್ಲಿ ಬಾತುಕೋಳಿ ಕೆಸರಿಗೆ ಕಚ್ಚಿಕೊಂಡಿತು. ಎಳೆಯಲು ಹೋದ ಗಂಡ ತೊಡೆಯವರೆಗೆ ಹೂತ. ಹಗ್ಗ ತರುವವರೆಗೆ ನಲವತ್ತು ನಿಮಿಷ ಎಂಜಿನಿಯರು ಕೊಕ್ಕು ತಿರುಗಿದ ಕಡೆಗೇ ನೋಡುತ್ತ ಕೂರಬೇಕಾಯಿತು. ಕೊಕ್ಕಿನ ನೇರಕ್ಕೆ, ನೀರು ಇಳಿದು ಬಯಲಾದ ಏರಿಯ ಒಳಮೈಯಲ್ಲಿ, ತಲೆ ತೂರುವಷ್ಟು ದೊಡ್ಡ ತೂತು.

"ಏನಮ್ಮಾ ಅದು?" ಎಂದು ಕೂಗಿ ಕೇಳಿದರು.

"ನೀವು ಇಲ್ಲ ಅಂತ ಬರೆದಿದ್ದು, ಸಾರ್," ಎಂದಳು ಅವಳು, ದಡದಿಂದ.

ಮರುವಾರ ಎರಡು ಕಾಗದ ಬಂದವು. ಎಂಜಿನಿಯರು ಖುದ್ದಾಗಿ, ದೀರ್ಘವಾಗಿ ಸ್ಥಳ ಪರಿಶೀಲಿಸಿದ್ದರಿಂದ ದುರಸ್ತಿಗೆ ಒಪ್ಪಿಗೆ ಸಿಕ್ಕಿದೆ ಎಂದಿತು ಒಂದು. ಅನುಮತಿಯಿಲ್ಲದೆ ಹೋದ ನೀರು ಎಲ್ಲಿದೆ ಎಂದು ಕೇಳಿತು ಇನ್ನೊಂದು. ನೀರು ಕೆಳಗಿನ ಹಳ್ಳದಲ್ಲಿದೆ, ತೂಬು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ ಎಂದು ಅವಳು ಬರೆದು ಕಳಿಸಿದಳು. ಮತ್ತೆ ಯಾರೂ ಕೇಳಲಿಲ್ಲ.

ತೂತನ್ನು ಅಗೆದು ಜೇಡಿಮಣ್ಣು ತುಂಬುವ ಕೆಲಸ ಶುರುವಾಯಿತು. ದೋಣಿ ನಿಂತಿದ್ದರಿಂದ ಗಂಡನೂ ಅಲ್ಲೇ ಕೆಲಸಕ್ಕೆ ಸೇರಿದ. ಮೇಲ್ವಿಚಾರಣೆ ಹೆಂಡತಿಯದು. ಮನೆಯಲ್ಲಿ ಮಾತು ಬಿಟ್ಟವನು ಇಲ್ಲಿ ದಿಮ್ಮಿಸು ಎತ್ತಿ ಮಣ್ಣು ಬಡಿದು, ಬೆವರು ಒರೆಸಿಕೊಂಡು, ಕೊನೆಗೂ ಬಾಯಿ ಬಿಡಬೇಕಾಯಿತು.

"ಇಷ್ಟು ಸಾಕಾ?"

ಅವಳು ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿದಳು. "ಇನ್ನೊಂದು ಹತ್ತು ಏಟು ಹಾಕ್ರಿ."

ಅವನು ಹನ್ನೆರಡು ಹಾಕಿದ.