ಹುದುಲಿಗೆ ಹಾಸಿದ ಗರಿ

ಐವತ್ತರ ದಶಕದ ಕೊನೆಯಲ್ಲಿ ನಾನು ಜಾವಗಲ್ಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಒಂದು ದಿನ ಪಾಠದಲ್ಲಿ ‘ಕ್ವಾಗ್‌ಮೈರ್’ ಎಂಬ ಪದ ಬಂತು. ಹುದುಲು ಎಂದೆ. ಮೇಲೆ ಒಣಗಿದ ಪದರ, ಒಳಗೆ ಕಾಲು ನುಂಗುವ ಕೆಸರು ಎಂದು ಮಕ್ಕಳೇ ನನಗೆ ವಿವರಿಸಿದರು. ಇನ್ನೊಂದು ಅರ್ಥವೂ ಇದೆ, ಹೊಕ್ಕವನು ಈಚೆಗೆ ಬರಲಾರದ ತೊಡಕು ಎಂದು ಬೋರ್ಡಿನ ಮೇಲೆ ಬರೆದೆ. ಉದಾಹರಣೆ ಕೇಳಿದರು. ನಮ್ಮ ಮನೆಯ ವ್ಯಾಜ್ಯವೇ ಬಾಯಿಗೆ ಬಂತು, ನುಂಗಿಕೊಂಡೆ.

ವ್ಯಾಜ್ಯ ಅಪ್ಪನಿಗೂ ಚಿಕ್ಕಪ್ಪನಿಗೂ. ಪಾಲಾದಾಗ ಕೆರೆಯಂಚಿನ ಆರು ತೆಂಗಿನ ಮರ ಯಾರಿಗೆಂದು ಪತ್ರದಲ್ಲಿ ಬರೆಯಲು ಮರೆತಿದ್ದರು. ಊರ ಹಿರಿಯರು ಒಂದು ಹೊತ್ತಿನಲ್ಲಿ ಮುಗಿಸಬಹುದಾಗಿದ್ದದ್ದು ಅರಸೀಕೆರೆಯ ಕೋರ್ಟು ಹತ್ತಿ ಏಳು ವರ್ಷವಾಗಿತ್ತು. ತೀರ್ಪಾಗುವವರೆಗೆ ಇಬ್ಬರೂ ಆ ಮರಗಳನ್ನು ಮುಟ್ಟಕೂಡದೆಂದು ತಡೆಯಾಜ್ಞೆ. ಕಾಯಿ ತಾನಾಗಿ ಉದುರಿ ಕೊಳೆಯುತ್ತಿತ್ತು. ವಾಯಿದೆಯ ದಿನ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಕೂತು ಹೋಗುವರು. ಮುಂದಿನ ವಾಯಿದೆ ಕೇಳಿಕೊಂಡು ಹಾಗೆಯೇ ಬರುವರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇಬ್ಬರಿಗೂ ಗೊತ್ತಿತ್ತು. ಅಪ್ಪನ ಹೇಳಿಕೆಗಳನ್ನೆಲ್ಲ ಬರೆದುಕೊಡುತ್ತಿದ್ದ ನನ್ನ ಕೈಗಿಂತ ಮನಸ್ಸು ಸೋತಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ತಳದ ಗೋಡು ಮಣ್ಣನ್ನು ಗಾಡಿಯಲ್ಲಿ ತುಂಬಿ ಗೊಬ್ಬರವಾಗಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ವಾಡಿಕೆ. ಆ ವರ್ಷ ನಾನೂ ರಜೆಯಲ್ಲಿ ಜೊತೆಗಿದ್ದೆ. ಅಪ್ಪ ಅವಸರದಲ್ಲಿ ಗಾಡಿ ತಿರುಗಿಸುವಾಗ ಒಣಗಿದ ಪದರ ಒಡೆದು ಒಂದು ಎತ್ತು ಹುದುಲಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಅಪ್ಪ ಚಾವಟಿ ಬೀಸಿದರು. ಅದು ಒದ್ದಾಡಿ ಹೆಗಲವರೆಗೆ ಇಳಿಯಿತು.

ಆಚೆ ದಡದಲ್ಲಿ ಮಣ್ಣು ತುಂಬುತ್ತಿದ್ದ ಚಿಕ್ಕಪ್ಪ ಓಡಿಬಂದರು. “ಹೊಡೀಬ್ಯಾಡ! ಹೊಡೆದಷ್ಟೂ ಇಳೀತೈತೆ,” ಎಂದರು. ಏಳು ವರ್ಷದಲ್ಲಿ ಅಣ್ಣನೊಡನೆ ಆಡಿದ ಮೊದಲ ಮಾತು ಅದು. ನೊಗದ ಹಗ್ಗ ಕೊಯ್ದು ಎತ್ತನ್ನು ಬಿಡಿಸಿದವರೇ ಹತ್ತಿರದ ತೆಂಗಿನ ಮರ ಹತ್ತಿದರು. ಅದು ವ್ಯಾಜ್ಯದ ಮರ. ಅಪ್ಪ ಚಾವಟಿ ಕೆಳಗೆ ಹಾಕಿದರು. ಹಸಿ ಗರಿಗಳು ಧಪಧಪ ಬಿದ್ದವು.

“ಏನ್ಲಾ ಮೇಷ್ಟ್ರೇ, ಪಾಠ ಕೇಳೋನಂಗೆ ನಿಂತಿದ್ದೀಯ? ಗರಿ ಹೊತ್ಕಂಡು ಬಾ!” ಎಂದು ಚಿಕ್ಕಪ್ಪ ಮರದ ಮೇಲಿಂದ ಕೂಗಿದರು.

ಎತ್ತನ್ನು ಮಗ್ಗುಲಿಗೆ ಹೊರಳಿಸಿ, ಹೊಟ್ಟೆಯಡಿ ಗರಿ ತುರುಕಿ, ಹಗ್ಗ ಹಾಕಿ ಎಲ್ಲರೂ ಎಳೆದೆವು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅದು ನಡುಗುತ್ತಾ ಎದ್ದು ನಿಂತಿತು. ಚಿಕ್ಕಪ್ಪ ಕೈಯ ಕೆಸರನ್ನು ಪಂಚೆಗೆ ಒರೆಸಿಕೊಂಡು ಹೊರಟುಹೋದರು. ಅಪ್ಪ ಕರೆಯಲಿಲ್ಲ. ಆದರೂ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಇನ್ನು ರಾಜಿಯಾದ ಹಾಗೆಯೇ ಎಂದುಕೊಂಡೆ.

ಆ ಸಂತೋಷದಲ್ಲೇ ಅಪ್ಪನ ಜೊತೆ ಹೋಗಿ ವಕೀಲರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡರು.

“ಗರಿ ಹಸೀದೋ, ಒಣಗಿದ್ದೋ?”

“ಹಸೀದು.”

“ಹಾಗಾದ್ರೆ ನಿಮ್ಮ ಚಿಕ್ಕಪ್ಪ ಮರ ಮುಟ್ಟಿ ತಡೆಯಾಜ್ಞೆ ಮುರಿದ ಹಾಗಾಯ್ತು. ಒಳ್ಳೇ ಕೆಲಸ ಮಾಡಿದಿರಿ ಮೇಷ್ಟ್ರೇ, ಅರ್ಜಿ ಬರೀರಿ.”

ನಾನು ಬಂದದ್ದು ರಾಜಿಯ ಮಾತಿಗೆ ಎಂದೆ. “ಹೆದರಿಸಿದರೆ ರಾಜಿಗೆ ತಾನಾಗೇ ಬರ್ತಾರೆ,” ಎಂದರು. ಅಪ್ಪನ ಕಡೆ ನೋಡಿದೆ. ಅವರು ಕಾಲ ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತಿದ್ದರು.

“ಸಾಕಾಗೈತೆ ಕಣಪ್ಪ. ಬರಿ, ಎಂಗಾದ್ರೂ ಮುಗೀಲಿ.”

ಬರೆದೆ. ವಕೀಲರು ಹೇಳಿದಂತೆ ಎತ್ತಿನ ಮಾತನ್ನೇ ಬಿಟ್ಟು ಬರೆದೆ. ನನಗೂ ಸಾಕಾಗಿತ್ತು ಎಂಬುದು ನಿಜ, ಆದರೆ ಹಾಗೆ ಬರೆದದ್ದಕ್ಕೆ ಅದು ಸಮರ್ಥನೆಯಲ್ಲ. ಅಪ್ಪ ರುಜು ಹಾಕಿದರು.

ಮುಂದಿನ ವಾಯಿದೆಯಲ್ಲಿ ನ್ಯಾಯಾಧೀಶರು ಅದನ್ನು ಓದಿಸಿ, ತಡೆಯಾಜ್ಞೆ ಗೊತ್ತಿತ್ತೇ ಎಂದು ಚಿಕ್ಕಪ್ಪನನ್ನು ಕೇಳಿದರು.

“ಗೊತ್ತಿತ್ತು ಸ್ವಾಮಿ.”

“ಮತ್ತೆ ಯಾಕೆ ಕಡಿದಿರಿ?”

“ಎತ್ತು ಹುದುಲಿಗೆ ಬಿದ್ದಿತ್ತು.”

“ಯಾರ ಎತ್ತು?”

ಚಿಕ್ಕಪ್ಪ ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು.

“ನಮ್ಮನೇದೇ ಸ್ವಾಮಿ,” ಎಂದರು.