ಬೆರಳಗಲ ಪಕ್ಕದಲ್ಲಿ ತೆರೆದ ಕಣ್ಣು

ನಮ್ಮ ಮಂದಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ, ಮನೆಯವರೆಲ್ಲ ಸುತ್ತ ಸೇರಿ ಫೋಟೋ ತೆಗೆಸುತ್ತಾರೆ. ಎಷ್ಟೋ ಮುದುಕಿಯರಿಗೆ ಇಡೀ ಜನ್ಮಕ್ಕೆ ಅದೊಂದೇ ಫೋಟೋ. ಆಮೇಲೆ ಅದನ್ನು ಸ್ಟುಡಿಯೋಗೆ ತಂದು, "ಕಣ್ಣು ತೆರಸಿ ಕೊಡ್ರಿ" ಎನ್ನುತ್ತಾರೆ. ಗಣಿಗಳು ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ಹಾಗೆ ಕಣ್ಣು ತೆರೆಸುತ್ತಿದ್ದವಳು ನಾನು.

ಕಣ್ಣು ಎಲ್ಲಿಂದ ತರುವುದು? ಸತ್ತವರ ಹಳೆಯ ಫೋಟೋ ಇಲ್ಲದಿದ್ದರೆ ಒಡಹುಟ್ಟಿದವರದೋ ಮಕ್ಕಳದೋ ತರುವುದು ನಮ್ಮ ಪದ್ಧತಿ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣಿನ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಸತ್ತವರ ರೆಪ್ಪೆಯ ಮೇಲೆ ತಿದ್ದುತ್ತಿದ್ದೆ. ಮೌಸಿನಲ್ಲಿ ಒದ್ದಾಡುತ್ತಿದ್ದ ನನಗೆ ಮಾಲೀಕರು ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ತಂದುಕೊಟ್ಟಾಗ ಸ್ವರ್ಗಕ್ಕೆ ಮೂರೇ ಗೇಣು. ಅಷ್ಟರಲ್ಲಿ ಗಣಿ ಧಣಿಗಳ ಹುಟ್ಟುಹಬ್ಬದ ಫ್ಲೆಕ್ಸ್ ಕೆಲಸ ಮೈಮೇಲೆ ಬಿತ್ತು. ಅದಕ್ಕೆಂದು ನನ್ನ ಮೇಜಿಗೆ ಎರಡನೇ ಮಾನಿಟರೂ ಬಂತು.

ಮರುದಿನವೇ ಆ ಹೆಂಗಸು ಬಂದಳು. ತೋರಣಗಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ಮನೆ ಅಲ್ಲೇ ಪಕ್ಕದ ವಡ್ಡು ಎಂಬ ಹಳ್ಳಿಯಲ್ಲಿ. ತಾಯಿ ಇಲ್ಲೇ ಚಿತ್ತವಾಡ್ಗಿಯಲ್ಲಿ, ಮಗನ ಮನೆಯಲ್ಲಿದ್ದಳು. ತಾಯಿಯ ಕೊನೆಗಳಿಗೆ ಎಂದು ಸುದ್ದಿ ಬಂದ ಕೂಡಲೇ ಇವಳು ಬಸ್ಸು ಹತ್ತಿದ್ದಾಳೆ. ಬಸ್ಸು ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದಿದೆ. ಇವಳು ಮನೆ ಮುಟ್ಟುವಷ್ಟರಲ್ಲಿ ತಾಯಿಯನ್ನು ಕೂರಿಸಿಯಾಗಿತ್ತು.

"ಬಾಗಲಾ ನೋಡಕೋತ, ಬಂದ್ಲೇನು, ಬಂದ್ಲೇನು ಅಂತಿದ್ಲಂತ್ರಿ," ಎಂದಳು. "ನನ್ ಮಾರಿ ನೋಡದನ ಹೋದ್ಲು. ಫೋಟೋದಾಗರ ನೋಡ್ಲಿ."

ಫೋಟೋದಲ್ಲಿ ಅವಳು ತಾಯಿಯ ಪಕ್ಕ ಕೂತು, ತಲೆಗೆ ತಲೆ ತಾಗಿಸಿ, ಅತ್ತು ಸಾಕಾಗಿ ಕಣ್ಣು ಮುಚ್ಚಿದ್ದಳು. ಯಾರು ಬದುಕಿದವರು ಎಂದು ಹಾರ ನೋಡಿಯೇ ಹೇಳಬೇಕಿತ್ತು. ಅವಳ ಕಣ್ಣಿನ ಫೋಟೋ ತೆಗೆದುಕೊಂಡು ಕೆಲಸಕ್ಕೆ ಕೂತೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಬೆನ್ನ ಹಿಂದೆಯೇ ಕೂತಳು. ಯಾರಾದರೂ ಹಿಂದೆ ಕೂತು ನೋಡಿದರೆ ನನಗೆ ಮೈಯೆಲ್ಲ ಉರಿ. ಆದರೆ ಅವಳಿಗೆ ಏಳು ಎನ್ನಲು ಬಾಯಿ ಬರಲಿಲ್ಲ.

ತಾಯಿಯ ರೆಪ್ಪೆಯ ಮೇಲೆ ಪೆನ್ನು ಎಳೆದೆ. ಪರದೆಯ ಮೇಲಿನ ಬಾಣ ಅಲ್ಲೇ ಇತ್ತು. ಕಣ್ಣು ಮಾತ್ರ ಬೆರಳಗಲ ಪಕ್ಕದಲ್ಲಿ, ಮಗಳ ಮುಚ್ಚಿದ ರೆಪ್ಪೆಯ ಮೇಲೆ ತೆರೆಯಿತು. ಅಳಿಸಿ ಮತ್ತೆ ಎಳೆದೆ. ಮತ್ತೆ ಅಲ್ಲೇ. ಅತ್ತು ಊದಿಕೊಂಡ ಮುಖದಲ್ಲಿ ನೀರಿಲ್ಲದ ಒಂಟಿ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಅವ್ವ ನನ್ ಮ್ಯಾಲ ಬಂದಾಳೇನ್ರಿ?" ಎಂದಳು ಹಿಂದಿನಿಂದ. ಹೆದರಿ ಕೇಳಿದ್ದಲ್ಲ, ಆಸೆಯಿಂದ ಕೇಳಿದ್ದು. ಆ ಉರಿಬಿಸಿಲಿನ ಮಧ್ಯಾಹ್ನದಲ್ಲಿ ನನ್ನ ಬೆನ್ನು ತಣ್ಣಗಾಯಿತು.

"ಹಂಗೇನಿಲ್ಲವ್ವ, ಮಶೀನಿನ ತಕರಾರು," ಎಂದೆ. ಪೆನ್ನಿನ ಮೊನೆ ಬದಲಿಸಿದೆ. ತಂತಿ ಕಿತ್ತು ಬೇರೆ ಕಿಂಡಿಗೆ ಹಾಕಿದೆ. ಟ್ಯಾಬ್ಲೆಟ್ ಮೇಲಿನ ಕೆಂಪು ಧೂಳನ್ನು ಸೆರಗಿನಿಂದ ಒರೆಸಿದೆ. ಡ್ರೈವರನ್ನು ಅಳಿಸಿ ಸಿಡಿಯಿಂದ ಹೊಸದಾಗಿ ಹಾಕಿದೆ. ಏನು ಮಾಡಿದರೂ ಕಣ್ಣು ಅದೇ ರೆಪ್ಪೆಗೆ ಹೋಗಿ ತೆರೆಯಿತು. ಮಾಲೀಕರು ಬಂದು ನೋಡಿ, "ಒಂದು ನಿಂಬಿಹಣ್ಣು ಕಟ್ಟಿಬಿಡು," ಎಂದರು.

"ಮಶೀನಿಗೆ ಕಟ್ಟಲ್ಯಾ, ನಿಮಗ ಕಟ್ಟಲ್ಯಾ?" ಎಂದು ಸಿಡುಕಿದೆ. ಅವರು ತಮಾಷೆಗೆ ಹೇಳಿರಲಿಲ್ಲ. ತಾವೇ ತಂದು ಮಾನಿಟರಿಗೆ ಕಟ್ಟಿ ಹೋದರು.

ನಿಂಬೆಹಣ್ಣಿಗೂ ಕಣ್ಣು ಬಗ್ಗಲಿಲ್ಲ. ತಲೆಕೆಟ್ಟು ಎರಡನೇ ಮಾನಿಟರಿನ ತಂತಿಯನ್ನೇ ಕಿತ್ತೆ. ಅದರಲ್ಲಿ ನಗುತ್ತಿದ್ದ ಧಣಿಯ ಮುಖ ಆರಿಹೋಯಿತು, ಪೆನ್ನು ಇಟ್ಟಲ್ಲೇ ಕಣ್ಣು ಬಿತ್ತು. ಟ್ಯಾಬ್ಲೆಟ್ಟು ಎರಡೂ ಪರದೆಗಳನ್ನು ಸೇರಿಸಿ ಒಂದೇ ಹಾಳೆ ಎಂದುಕೊಂಡಿತ್ತು. ಎರಡರ ಅಳತೆ ಬೇರೆಯಾದ್ದರಿಂದ ಬಣ್ಣ ಪಕ್ಕಕ್ಕೆ ಸರಿಯುತ್ತಿತ್ತು. ಪೆನ್ನು ಮೊದಲನೇ ಪರದೆಗೆ ಮಾತ್ರ ಎಂದು ಸೆಟ್ಟಿಂಗಿನಲ್ಲಿ ಗುರುತು ಮಾಡಿ ತಂತಿ ಮತ್ತೆ ಜೋಡಿಸಿದೆ. ಸರಿಹೋಯಿತು. ಕಾರಣ ಗೊತ್ತಾದರೂ ನನ್ನ ಅಂಜಿಕೆ ಹೋಗಲಿಲ್ಲ. ಆ ಕಣ್ಣು ಬೀಳುವುದಕ್ಕೆ ಅಷ್ಟಗಲದ ಪರದೆಯಲ್ಲಿ ಬೇರೆ ಜಾಗವೇ ಇರಲಿಲ್ಲವೇ?

ಅಂತೂ ತಾಯಿಯ ಎರಡೂ ಕಣ್ಣು ತೆರೆದವು. ಯಾವಾಗಲೂ ಮಾಡುವಂತೆ ನೆಟ್ಟಗೆ ಎದುರಿಗೆ ನೋಡುವ ಕಣ್ಣು. ಮಗಳು ಬೇಡವೆಂದು ತಲೆಯಾಡಿಸಿದಳು.

"ಹಿಂಗ ಬ್ಯಾಡ್ರಿ. ಇದು ಎಲ್ಲಾರ್ನೂ ನೋಡತೈತಿ. ನನ್ ಕಡೆ ಅಷ್ಟ ನೋಡ್ಲಿ."

ಎರಡು ಪಾಪೆಗಳನ್ನೂ ಅವಳಿದ್ದ ಪಕ್ಕಕ್ಕೆ ಸರಿಸಿದೆ. ಅಷ್ಟು ಹೊತ್ತು ಮಶೀನು ಮಾಡುತ್ತಿದ್ದ ತಪ್ಪನ್ನು ಈಗ ಕೈಯಾರೆ ಮಾಡಿದೆ. ಅವಳು ಗಳಗಳನೆ ಅತ್ತಳು, ನನಗೂ ತಡೆಯಲಾಗಲಿಲ್ಲ. ಸತ್ತವರದೆಂದು ಗೋಡೆಗೆ ಹಾಕುವ ಫೋಟೋದಲ್ಲಿ ಬದುಕಿರುವವರು ಇರಬಾರದು. ಹಾಗಾಗಿ ಅವಳನ್ನು ಕತ್ತರಿಸಿ ತೆಗೆದು, ತಾಯಿಯನ್ನಷ್ಟೇ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟೆ.

ಕೆಲವು ತಿಂಗಳ ಮೇಲೆ ಒಂದು ಮದುವೆಯ ಆಲ್ಬಮ್ ಕೊಡಲು ವಡ್ಡುವಿಗೆ ಹೋದಾಗ ಅವಳ ಮನೆಗೂ ಹೋದೆ. ಪಕ್ಕದ ಮನೆಯಾಕೆ, "ಇನ್ನೇನು ಬರ್ತಾಳ, ಕುಂದ್ರಿ," ಎಂದು ಬಾಗಿಲು ತೆಗೆದಳು. ತಾಯಿ ಗೋಡೆಯ ಮೇಲಿದ್ದಳು. ನಾನು ಎಲ್ಲಿ ನಿಂತರೂ ನನ್ನನ್ನು ನೋಡಲಿಲ್ಲ. ಅವಳ ನೋಟ ಒಂದು ಖಾಲಿ ಮೂಲೆಗೆ ಹೋಗಿತ್ತು. ಅಲ್ಲೊಂದು ಮಣೆ ಇತ್ತು. ಕೂರಲು ಹೋದೆ. ಪಕ್ಕದ ಮನೆಯಾಕೆ ಗಬಕ್ಕನೆ ನನ್ನ ತೋಳು ಹಿಡಿದಳು.

"ಅಲ್ಲಿ ಬ್ಯಾಡ್ರಿ."

ಅಷ್ಟರಲ್ಲಿ ಅವಳು ಶಿಫ್ಟು ಮುಗಿಸಿ ಬಂದಳು, ತಲೆಯೆಲ್ಲ ಕೆಂಪು ಧೂಳು. ನನ್ನನ್ನು ಮಾತಾಡಿಸದೆ ನೇರ ಹೋಗಿ ಮಣೆಯ ಮೇಲೆ ಕೂತಳು. ಗೋಡೆಯ ಮೇಲಿದ್ದ ತನ್ನದೇ ಕಣ್ಣುಗಳಿಗೆ ಮುಖವೆತ್ತಿ, "ಅವ್ವಾ, ಬಂದೀನಿ," ಎಂದಳು.