ಗಾದಿ ಅಂಗಡಿಯ ಪಾಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಹೋದ ವರ್ಷ ಮಾವನವರ ಮೇಲೆ ಸಿಟ್ಟಾಗಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನನ್ನ ಗಂಡ ತೀರಿಹೋದಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಗಂಡ ಸತ್ತವಳು ಮನೆಯೊಳಗೇ ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುದಿನವೇ ಮಾವ ನನ್ನ ಕೈಗೆ ದಬ್ಬಣ ಕೊಟ್ಟು, "ಅಳೂದಿದ್ರ ಹೊಲಕೋತ ಅಳವ್ವಾ" ಅಂದಿದ್ದರು. ಅಂದಿನಿಂದ ಅಂಗಡಿಯಲ್ಲಿ ಅವರು ಹತ್ತಿ ತುಂಬುವುದು, ನಾನು ಹೊಲಿಯುವುದು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ನನ್ನ ಅಂಚಿನ ಹೊಲಿಗೆ ನೋಡಿಯೇ ಮದುವೆಯ ಗಾದಿಗಳನ್ನು ಹೇಳಿಹೋಗುವವರಿದ್ದಾರೆ. ಜಂಬ ಅಂದರೆ ಜಂಬ, ಇರಲಿ.

ಆದರೆ ನಮ್ಮ ಮುಸಲ್ಮಾನರ ಪದ್ಧತಿಯಲ್ಲಿ, ಮಗ ತಂದೆಗಿಂತ ಮೊದಲು ತೀರಿಕೊಂಡರೆ, ಇನ್ನೊಬ್ಬ ಮಗ ಇರುವಾಗ ಸೊಸೆಗೂ ಮೊಮ್ಮಗಳಿಗೂ ಪಾಲು ತಾನಾಗಿ ಬರುವುದಿಲ್ಲ. ಮಾವ ಬದುಕಿದ್ದಾಗಲೇ ಬರೆದಿಡಬೇಕು. ಅದೂ ಆಸ್ತಿಯ ಮೂರರಲ್ಲಿ ಒಂದು ಪಾಲಿನೊಳಗೆ.

ಒಂದು ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಓಣಿಯ ಇಬ್ಬರು ಹಿರಿಯರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಮೃತ್ಯುಪತ್ರ ಬರೆಸಿ ಬಂದರು. ನನಗೆ ಒಂದು ಮಾತೂ ಹೇಳಲಿಲ್ಲ. ಪಕ್ಕದ ಅಂಗಡಿಯವರಿಂದ ತಿಳಿಯಿತು. ನನಗೆ ಕೊಡುವುದಾಗಿದ್ದರೆ ನನ್ನಿಂದಲೇ ಮುಚ್ಚಿಡುವುದೇಕೆ? ಮುಗಿಯಿತು, ಎಲ್ಲವನ್ನೂ ಸಿಂದಗಿಯಲ್ಲಿ ಗ್ಯಾರೇಜು ಇಟ್ಟಿರುವ ಮೈದುನನ ಹೆಸರಿಗೇ ಬರೆದಿದ್ದಾರೆ ಅಂದುಕೊಂಡೆ. ಇಷ್ಟು ವರ್ಷ ಕತ್ತೆಯಂತೆ ದುಡಿದ ನಾನು, ನನ್ನ ಮಗಳು, ನಾಳೆ ಬೀದಿಗೆ! ಎಂಟು ದಿನ ಮಾತು ಬಿಟ್ಟೆ. ಸಾರಿಗೆ ಬೇಕಂತಲೇ ಉಪ್ಪು ಹಾಕಲಿಲ್ಲ. ಪುಣ್ಯಾತ್ಮ ತುಟಿಪಿಟಕ್ಕೆನ್ನದೆ ಉಂಡೆದ್ದರು.

ಶುಕ್ರವಾರ ಮೈದುನ ಬಂದ. ನಮಾಜು ಮುಗಿಸಿಕೊಂಡು ಇಬ್ಬರೂ ನೇರ ಅಂಗಡಿಗೆ ಬಂದರು. ನನಗೆ ತಡೆಯಲಾಗಲಿಲ್ಲ.

"ಮಾವಾರ, ಇನ್ಮ್ಯಾಲೆ ನಾ ಎಲ್ಲಿ ಕುಂತು ಹೊಲೀಬೇಕು, ಅದನ್ನರ ಹೇಳಿಬಿಡ್ರಿ!"

ಮಾವ ಕಾಗದ ತೆಗೆದು ಮೈದುನನಿಗೆ ಕೊಟ್ಟರು. "ದೊಡ್ಡದಾಗಿ ಓದೋ."

ಅವನು ಓದಿದ. ಮನೆ ಮತ್ತು ಖಾಲಿ ಜಾಗ ಮಗನಿಗೆ. ಅಂಗಡಿ ಮತ್ತು ಅದರ ಹಿಂದಿನ ಎರಡು ಖೋಲಿ ಸೊಸೆಗೆ. ಓದಿ ಮುಗಿಸಿ, "ನಂದೇನೂ ತಕರಾರಿಲ್ರಿ ವೈನಿ. ಅಣ್ಣ ಇದ್ದಿದ್ರ ಇದು ಅವಂದ ಅಲ್ಲೇನ್ರಿ?" ಅಂದ.

ನಾನು ದಬ್ಬಣ ಹಿಡಿದುಕೊಂಡೇ ಅತ್ತೆ. "ಮೊದಲ ಹೇಳಾಕ ಏನಾಗಿತ್ರಿ ನಿಮಗ?"

"ಇಂವ ಒಪ್ಪಿದ್ದು ನಿನ್ನ ಕಿವೀಲೆ ಕೇಳಬೇಕಾಗಿತ್ತವ್ವಾ. ನಾಳೆ ನಾ ಇರಂಗಿಲ್ಲ. ಕಾಗದ ಒಂದ ನಂಬಿ ಕುಂತ್ರ ಆಗೂದಿಲ್ಲ" ಅಂದ ಮಾವ, ಸೊಂಟದಿಂದ ಅಂಗಡಿಯ ಕೀಲಿ ಬಿಚ್ಚಿ ನನ್ನ ಮುಂದಿಟ್ಟರು. "ಕಾಗದಕ್ಕ ನಾ ಸತ್ತಮ್ಯಾಲೆ ಜೀವ ಬರತೈತಿ. ಕೀಲಿ ಇವತ್ತ ತಗೋ."

ಮೈದುನ ಚಹಾ ಹೇಳಲು ಹೊರಗೆ ಹೋದ. ಮಾವ ಹತ್ತಿಯ ರಾಶಿಯ ಹತ್ತಿರ ತಮ್ಮ ಜಾಗದಲ್ಲಿ ಕೂರಲಿಲ್ಲ, ನಿಂತೇ ಇದ್ದರು. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು:

"ಯವ್ವಾ, ನಾ ಇರೂತನಕ ಇಲ್ಲೇ ಒಂದು ಮೂಲ್ಯಾಗ ಕುಂದರಾಕ ಜಾಗ ಕೊಡ್ತಿಯಲ್ಲ?"

ನಾನು ಪಾಲಿಗಾಗಿ ಹೆದರುತ್ತಿದ್ದೆ. ಆ ಹಿರಿಯ ಜೀವ ನನಗೆ ಹೆದರುತ್ತಿತ್ತು. ಭುಜ ಹಿಡಿದು ಅವರನ್ನು ಅವರ ಜಾಗದಲ್ಲೇ ಕೂರಿಸಿದೆ. ಅಂಗಡಿಯ ಯಜಮಾನಿಯಾಗಿ ನಾನು ಮಾಡಿದ ಮೊದಲ ಅಪ್ಪಣೆ ಇದು:

"ನೀವು ಇಲ್ಲಿಂದ ಎಲ್ಲೂ ಹೋಗಂಗಿಲ್ರಿ, ಮಾವಾರ."